ತಿರುಗಿದ ಹಾಸಿಗೆ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ಮಗುಚುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೆಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಭೌತಶಾಸ್ತ್ರದಲ್ಲಿ ಪದವಿ ಪಡೆದೆ. ಈಗ ಅದನ್ನೇ ಕಲಿಸುತ್ತೇನೆ. ಅಳೆದು ನೋಡದೆ ಯಾವುದನ್ನೂ ಒಪ್ಪುವವಳಲ್ಲ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬ ಅವ್ವನ ಕಟ್ಟಳೆಯ ಬಗ್ಗೆ ಎಷ್ಟೋ ಸಲ ವಾದ ಮಾಡಿದ್ದೆ. ಅವಳು ವಾದಕ್ಕೆ ಬರುತ್ತಿರಲಿಲ್ಲ. ಚಿಕ್ಕವರಿದ್ದಾಗ ನಾವು ನಿದ್ದೆಯಲ್ಲಿ ಉರುಳಾಡಿ ಆ ಕಡೆ ತಲೆ ಮಾಡಿದರೆ, ಎಬ್ಬಿಸದೆ, ಹಾಸಿಗೆಯ ತುದಿ ಹಿಡಿದು ಜಗ್ಗಿ ಹಾಸಿಗೆ ಸಮೇತ ತಿರುಗಿಸಿ, ಕೌದಿಯ ಅಂಚನ್ನು ಪಾದದ ಕೆಳಗೆ ಬಿಗಿಯಾಗಿ ಸಿಕ್ಕಿಸಿ ಹೋಗುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು. ಮಾತು ಮರಳಿ ಬಂತು, ಬಲಗೈ ಮಾತ್ರ ಏಳಲಿಲ್ಲ. ಅದು ಹಾಗೆಯೇ ಉಳಿಯಬಹುದು ಎಂದಿದ್ದರು ಡಾಕ್ಟರು. ಉಣಕಲ್ಲಿನ ನನ್ನ ಮನೆಗೇ ಅವಳನ್ನು ಕರೆತಂದಿದ್ದೆ. ಅದೇ ಹೊತ್ತಿಗೆ ಮುಂಬೈಯಲ್ಲಿ ಶಿಕ್ಷಕರ ತರಬೇತಿಯೊಂದಕ್ಕೆ ಕರೆ ಬಂತು. ಬಿಟ್ಟುಬಿಡೋಣವೆಂದುಕೊಂಡೆ. ಅವ್ವ ಕೇಳಲಿಲ್ಲ.

"ಅಷ್ಟ್ ಓದಿದ್ದು ನನ್ನ ಕಾಲ ಒತ್ತಾಕೇನ? ಹೋಗಿ ಬಾ."

ತಂಗಿ ಬಂದು ಮನೆಯಲ್ಲಿ ನಿಂತಳು, ನಾನು ಹೊರಟೆ.

ನಮ್ಮನ್ನು ಇಳಿಸಿದ್ದು ಜಪಾನಿ ಮಾದರಿಯ ಭಾರಿ ಹೋಟೆಲಿನಲ್ಲಿ. ಕಾಗದ ಅಂಟಿಸಿದ ಜಾರುಬಾಗಿಲು, ಸ್ನಾನಕ್ಕೆ ಕಟ್ಟಿಗೆಯ ತೊಟ್ಟಿ, ನೆಲದ ತುಂಬ ಹುಲ್ಲಿನ ಚಾಪೆ. ಮಂಚವೇ ಇಲ್ಲ. ಇಷ್ಟು ದೊಡ್ಡ ಊರಿಗೆ ಬಂದು ನೆಲದ ಮೇಲೆ ಮಲಗುವುದೇ ಎಂದು ನಗು ಬಂತು. ಹೆಬ್ಬಳ್ಳಿಯಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು. ಹಾಸಲು ಬಂದ ಕೆಲಸದಾಕೆಯನ್ನು ಕಳಿಸಿ ನಾನೇ ಹಾಸಿಕೊಂಡೆ. ಕಣ್ಣೆತ್ತಿದರೆ ಆಕಾಶ ಕಾಣಲೆಂದು ದೊಡ್ಡ ಕಿಟಕಿಯ ಕಡೆ ತಲೆ ಮಾಡಿದೆ. ದಿಕ್ಕಿನ ಯೋಚನೆಯೇ ಬರಲಿಲ್ಲ. ಹೊರಬಾಗಿಲಿನ ಚಿಲಕ ಹಾಕಿ ಮಲಗಿದೆ.

ಬೆಳಿಗ್ಗೆ ಎಚ್ಚರವಾದಾಗ ಆ ಕಿಟಕಿ ನನ್ನ ಕಾಲ ಕಡೆ ಇತ್ತು. ಗಾದಿ, ದಿಂಬು, ಹೊದಿಕೆ ಎಲ್ಲವೂ ತಿರುಗಿದ್ದವು. ಬಲಗಡೆಯ ಸಣ್ಣ ಕಿಟಕಿಯಿಂದ ಎಳೆಬಿಸಿಲು ಬರುತ್ತಿತ್ತು. ಅಂದರೆ ಈಗ ನನ್ನ ತಲೆ ದಕ್ಷಿಣಕ್ಕೆ. ರಾತ್ರಿ ಮಲಗಿದ್ದು ಉತ್ತರಕ್ಕೆ. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ನಿದ್ದೆಗಣ್ಣಿನಲ್ಲಿ ನಾನೇ ಎದ್ದು ತಿರುಗಿಸಿಕೊಂಡಿರಬೇಕು ಎಂದುಕೊಂಡೆ. ಆದರೆ ಹೊದಿಕೆಯ ಅಂಚು ಎರಡೂ ಪಾದಗಳ ಕೆಳಗೆ ಬಿಗಿಯಾಗಿ ಸಿಕ್ಕಿಸಿತ್ತು. ಕಾಲು ಬಿಡಿಸಿಕೊಂಡು, ಮತ್ತೆ ಮಲಗಿ, ಹಾಗೆ ಸಿಕ್ಕಿಸಿಕೊಳ್ಳಲು ನೋಡಿದೆ. ಏನು ಮಾಡಿದರೂ ಆ ಬಿಗಿ ಬರಲಿಲ್ಲ.

ಅವ್ವನಿಗೆ ಏನಾದರೂ ಆಯಿತೋ ಎಂದು ತಂಗಿಗೆ ಫೋನ್ ಮಾಡಿದೆ.

"ಆರಾಮ ಮಕ್ಕೊಂಡಾಳ. ನನಗ ನಿದ್ದಿ ಇಲ್ಲ ನೋಡಕ್ಕ. ರಾತ್ರಿಯೆಲ್ಲಾ ನನ್ನ ಕೌದಿ ಜಗ್ಗಿದ್ದೇ ಜಗ್ಗಿದ್ದು. ಯಾಕವ್ವಾ ಅಂದ್ರ ಮಾತಿಲ್ಲ, ಕಣ್ಣೂ ತಗೀಲಿಲ್ಲ."

"ಯಾವ ಕೈಲೆ ಜಗ್ಗಿದಳು?"

"ನಾ ಆಕಿ ಬಲಕ್ಕ ಮಕ್ಕೊಂಡಿದ್ನಿ," ಎಂದಳು. ದನಿ ಇಳಿದಿತ್ತು. "ಬಲಗೈಲೇನ, ಅಕ್ಕಾ."

ನರ ಚೇತರಿಸಿಕೊಳ್ಳುವಾಗ ಹೀಗೂ ಆಗುತ್ತದೆ ಎಂದರು ಡಾಕ್ಟರು. ಇರಬಹುದು. ಆ ಕೈ ನಿಧಾನಕ್ಕೆ ಕೂಡಿಬಂತು. ಈಗ ಚಹಾದ ಕಪ್ಪನ್ನು ತಾನೇ ಹಿಡಿಯುತ್ತಾಳೆ. ಹಾಸಿಗೆಯ ಸಂಗತಿಯನ್ನು ನಾನು ಡಾಕ್ಟರಿಗಾಗಲಿ, ತಂಗಿಗಾಗಲಿ ಹೇಳಲಿಲ್ಲ.

ಮುಂಬೈಯಿಂದ ಬಂದ ದಿನ ಅವ್ವನ ಮಂಚದ ಅಂಚಿಗೆ ಕೂತೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಾಳ ವಜ್ಜಾ ಆಗೀದಿ ನೋಡವಾ" ಎಂದಳು.

ನಾನು ಕೂತ ಭಾರಕ್ಕೆ ಮಂಚ ಕಿರುಗುಟ್ಟಿತ್ತು. ಅದಕ್ಕೇ ಭಾರ ಅಂದಳೋ, ಇನ್ನಾವುದಕ್ಕೋ. ಅವತ್ತು ಕೇಳಲಿಲ್ಲ. ಇಷ್ಟು ವರ್ಷವಾದರೂ ಕೇಳಿಲ್ಲ. ಮಂಚ ಕಿರುಗುಟ್ಟಿದ್ದಕ್ಕೇ ಅಂದಿದ್ದು ಎಂದುಬಿಟ್ಟಾಳು ಎಂಬ ಅಂಜಿಕೆ.