ಮುಸುಕು ತೆಗೆಯುವ ಹೊತ್ತಿಗೆ ಮರೆಯಾಗುವವಳು

ಅಜನಿ ರೈಲ್ವೆ ವಸಾಹತಿನ ಮೇಲೆ ಚಳಿಗಾಲದ ಮಂಜು ಇನ್ನೂ ಕವಿದಿದೆ. ಪಕ್ಕದ ಬಯಲಿನಲ್ಲಿ ನಾಟಕ ಕಂಪನಿಯ ತಗಡಿನ ಥಿಯೇಟರು. ಒಳಗೆ ಯಲ್ಲಮ್ಮ ಒಬ್ಬಳೇ ಇದ್ದಾಳೆ. ರಾತ್ರಿ ಪ್ರೇಕ್ಷಕರು ತಿಂದೆಸೆದ ಕಿತ್ತಳೆ ಸಿಪ್ಪೆಗಳನ್ನು ಗುಡಿಸಿ ಮೂಲೆಗೆ ಒಟ್ಟಿದ್ದಾಳೆ. ಈಗ ಸೀರೆಯನ್ನು ಕಚ್ಚೆ ಕಟ್ಟಿ, ಗೋಣಿ ಸುತ್ತಿದ ಕಂಬದೆದುರು ಕತ್ತಿ ಬೀಸುತ್ತಿದ್ದಾಳೆ. ಕತ್ತಿ ಎಡಗೈಯಲ್ಲಿದೆ.

ಆ ಎಡಗೈಯನ್ನು ನಾಗಪುರದಲ್ಲಿ ಸಾವಿರಾರು ಜನ ನೋಡಿದ್ದಾರೆ. ಅದು ಯಾರದೆಂದು ಬಲ್ಲವರಿಲ್ಲ.

ಕಂಪನಿ ಎರಡು ವರ್ಷಗಳಿಂದ ಪ್ರತಿ ಚಳಿಗಾಲ ಇಲ್ಲಿಗೆ ಬಂದು ಆಡುತ್ತಿರುವ ಆಟ 'ಕರಿಮುಸುಕಿನ ಸವಾರ'. ಹಳೆಯ ಕಾಲದ ಒಂದು ಕೋಟೆ. ರಾಜನ ಕೊಲೆಯಾಗುತ್ತದೆ. ತಪ್ಪು ಮಾಡದ ಯುವರಾಜ ಸೆರೆಮನೆ ಸೇರುತ್ತಾನೆ. ಮುಸುಕು ಹಾಕಿದ ಸವಾರನೊಬ್ಬ ಬಂದು ಅವನನ್ನು ಕಾಯುತ್ತಾನೆ, ಕಾವಲುಗಾರರನ್ನು ಸೋಲಿಸುತ್ತಾನೆ, ಕೊಲೆಗಾರನನ್ನು ಹಿಡಿಯುತ್ತಾನೆ, ಒಂದು ಮಾತೂ ಆಡುವುದಿಲ್ಲ. ಕೊನೆಯಲ್ಲಿ ದೀಪ ಒಂದು ಗಳಿಗೆ ಆರಿ ಹೊತ್ತಿಕೊಳ್ಳುತ್ತದೆ. ಸವಾರ ಮುಸುಕು ತೆಗೆಯುತ್ತಾನೆ. ಯುವರಾಜ ಪ್ರೀತಿಸಿದ ರಾಜಕುಮಾರಿಯೇ ಆತ! ಆಕೆ ಹೇಳುತ್ತಾಳೆ: "ಕತ್ತಿ ಕೆಳಗಿಡಿರಿ. ಇಷ್ಟು ದಿನ ನಿಮ್ಮನ್ನು ಕಾದವಳು ನಾನೇ."

ಚಪ್ಪಾಳೆಯಿಂದ ತಗಡು ನಡುಗುತ್ತದೆ. ಆ ಚಪ್ಪಾಳೆ ರಾಜಕುಮಾರಿಯ ಪಾತ್ರ ಮಾಡುವ ಸತ್ಯಭಾಮೆಗೆ. ಅಷ್ಟು ಹೊತ್ತು ಕಾದಾಡಿದವಳು ಯಲ್ಲಮ್ಮ. ದೀಪ ಆರಿದಾಗ ಆಕೆ ರಂಗದ ಹಲಗೆಯ ಕೆಳಗೆ ಇಳಿದಿರುತ್ತಾಳೆ. ಹ್ಯಾಂಡ್‌ಬಿಲ್ಲಿನಲ್ಲಿ ಆಕೆಯ ಹೆಸರಿಲ್ಲ. ಸವಾರನ ಕುದುರೆಯ ಸದ್ದು ಮಾಡಲು ತೆಂಗಿನ ಚಿಪ್ಪು ಬಡಿಯುವ ಬಸವಂತನ ಹೆಸರು ಕೂಡ ಅದರಲ್ಲಿದೆ.

ಇದನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. ಹೋದ ವರ್ಷ ಎರಡನೆಯ ಸಲ ನಾಟಕ ನೋಡಿ ಬರುವಾಗ ಟಾಂಗಾದಲ್ಲಿ ಹೇಳಿದಳು: "ಹೊಡೆದಾಡೂವಾಕಿ ಎಡಗೈಯಾಕಿ, ಹಾರ ಹಾಕಿಸಿಕೊಳ್ಳಾಕಿ ಬಲಗೈಯಾಕಿ. ಇವರು ಇಬ್ಬರು ಇದ್ದಾರ." ಗುಟ್ಟು ತಿಳಿದ ಮೇಲೂ ಮೂರನೆಯ ಸಲ ಹೋದಳು, ಆ ಎಡಗೈಯನ್ನು ನೋಡಲಿಕ್ಕಾಗಿಯೇ. ಈ ಶ್ರಾವಣದಲ್ಲಿ ಅವಳು ದೇವರ ಪಾದ ಸೇರಿದಳು. ಕಂಪನಿ ಮತ್ತೆ ಬಂದಿದೆಯೆಂದು ಕೇಳಿದಾಗ, ಅವಳ ಮಾತು ನಿಜವೋ ಎಂದು ಕೇಳಿ ತಿಳಿದು ಪತ್ರಿಕೆಗೆ ಬರೆಯೋಣವೆಂದು ಬಂದೆ.

"ನಿಮ್ಮ ಮನಿಯವರು ಭಾಳ ಚೂಟಿ ಇದ್ರು ಬಿಡ್ರಿ," ಎಂದು ಯಲ್ಲಮ್ಮ ನಗುತ್ತಾಳೆ. "ಇಲ್ಲೀ ಮರಾಠಿ ಮಂದಿಗೆ ನಮ್ಮ ಮಾತು ತಿಳಿಯಾಂಗಿಲ್ಲ. ಆದರೂ 'ಕಾಳಾ ಸವಾರ್, ಕಾಳಾ ಸವಾರ್' ಅಂತ ಒದರತಾರ. ಕತ್ತಿ ನೋಡಾಕ ಬರ್ತಾರ್ರಿ ಅವರು. ಆದ್ರ ಕೈ ಯಾವುದು ಅಂತ ಯಾರೂ ನೋಡಾಂಗಿಲ್ಲ."

ಗದಗಿನ ಕಡೆಯವಳು. ತಂದೆ ರುದ್ರಪ್ಪ ಇದೇ ಕಂಪನಿಯಲ್ಲಿ ಸೇನಾಪತಿಯ ಪಾತ್ರ ಮಾಡುತ್ತಿದ್ದ. ಮಗಳ ಎಡಗೈಯನ್ನು ಅವನು ತಿದ್ದಲಿಲ್ಲ. "ಎಡಗೈ ನೋಡಿದ್ರ ಎದುರಿನಾಂವ ಗೊಂದಲ ಆಗ್ತಾನ, ಇರಲಿ ಬಿಡು ಅಂದ ನಮ್ಮಪ್ಪ." ಚಿಕ್ಕಂದಿನಲ್ಲಿ ಸಿಡುಬು ಬಂತು. ಜೀವ ಉಳಿಯಿತು, ಮುಖದ ತುಂಬ ಕಲೆ ಉಳಿದವು. ಅಂದಿನಿಂದ ಕಂಪನಿಗೆ ಆಕೆಯ ಕೈ ಬೇಕು, ಮುಖ ಬೇಡ.

ಕಳೆದ ಭಾನುವಾರ ನಮ್ಮ ಕನ್ನಡಿಗರ ಸಂಘದವರು ಆಟದ ನಂತರ ರಂಗ ಹತ್ತಿದರು. ಸಿವಿಲ್ ಲೈನ್ಸಿನ ದೊಡ್ಡ ಅಧಿಕಾರಿಯೊಬ್ಬರು, 'ಕತ್ತಿ ಹಿಡಿದ ಈ ವೀರ ವನಿತೆಯ ಕೈಗಳಿಗೆ ನಮಸ್ಕಾರ' ಎಂದು ಭಾಷಣ ಮಾಡಿ ಸತ್ಯಭಾಮೆಗೆ ಶಾಲು ಹೊದಿಸಿದರು. ಆ ಹೊತ್ತಿಗೆ ಯಲ್ಲಮ್ಮ ಹಲಗೆಯ ಕೆಳಗೆ ಕೂತು, ಅಂದಿನ ಕಾಳಗದಲ್ಲಿ ಸೀಳಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ರಕ್ತ ಸುರಿಯುವ ಕೈ ಒಂದು, ನಮಸ್ಕಾರ ಪಡೆಯುವ ಕೈ ಇನ್ನೊಂದು! ಸತ್ಕರಿಸುವ ಮೊದಲು ಒಬ್ಬರಾದರೂ ಕೈಯನ್ನು ಸರಿಯಾಗಿ ನೋಡಬಾರದಿತ್ತೇ?

ಸತ್ಯಭಾಮೆಯನ್ನು ದೂರುವಂತಿಲ್ಲ. ಅಂದೇ ಕೆಳಗಿಳಿದು ಬಂದು, "ಯಲ್ಲವ್ವಕ್ಕಾ, ಇದು ನಿಂದು, ಹೊದ್ಕೋ," ಎಂದಳಂತೆ.

"ನೀ ಏನಂದಿ?" ಎಂದು ಕೇಳಿದೆ.

"ಒಲ್ಲೆವಾ, ಕರೀ ಮುಸುಕಿನಾಗ ಮೊದಲ ಕುದ್ದು ಹೋಗೇನಿ, ಮ್ಯಾಲೆ ಶಾಲು ಬ್ಯಾರೆ ಹಾಕತೀಯೇನು ಅಂದೆ."

ಯಲ್ಲಮ್ಮ ಶಾಲು ಕೇಳಲಿಲ್ಲ. ಮರುದಿನ ಮಾಲೀಕ ಬಿಂದುಮಾಧವರಾಯರ ಮುಂದೆ ನಿಂತು ಒಂದೇ ಒಂದು ಬೇಡಿಕೆ ಇಟ್ಟಳು. ಒಂದು ಆಟದಲ್ಲಿ, ಒಂದೇ ಆಟದಲ್ಲಿ, ಮುಸುಕನ್ನು ತಾನೇ ತೆಗೆದು ಆ ಮಾತನ್ನು ತಾನೇ ಹೇಳಬೇಕು. ರಾಯರು ಆಗದೆಂದರು.

ನಾನೂ ಹೋಗಿ ಕೇಳಿದೆ. ರಾಯರು ಎಲೆಗೆ ಸುಣ್ಣ ಸವರುತ್ತ ಉತ್ತರ ಕೊಟ್ಟರು: "ನೀವು ಹಿರಿಯರು, ನಿಮಗ ತಿಳೀತದ. ಮಂದಿ ರಾಜಕುಮಾರಿ ಮಾರಿ ನೋಡಲಿಕ್ಕೆ ಬರ್ತಾರ. ಮುಸುಕು ತೆಗೆದಾಗ ಈ ಮಾರಿ ಕಂಡ್ರ ಮುಂದಿನ ಕುರ್ಚಿಯವರು ಎದ್ದು ಹೋಗ್ತಾರ. ಮತ್ತ ನೀವು ಇದನ್ನ ಬರದ್ರ ಗುಟ್ಟು ಹೊರಗ ಬಿದ್ದು ನಾಟಕ ಸಾಯ್ತದ, ನೋಡ್ರಿ."

ಸಿಡುಬನ್ನು ಅಮ್ಮ ಎನ್ನುವವರು ನಾವು. ಆ ತಾಯಿಗೆ ಬೇವು ಮುಡಿಸಿ, ತಣ್ಣನೆಯ ಮೊಸರನ್ನದ ಎಡೆ ಇಡುತ್ತೇವೆ. ಗುಡಿಯೊಳಗಿನ ಕಲ್ಲು ಸವೆದು ಕಣ್ಣು ಮೂಗು ಕಾಣದಂತಾದರೂ ಅದಕ್ಕೇ ಕೈ ಮುಗಿಯುತ್ತೇವೆ. ಅದೇ ತಾಯಿ ಮುಟ್ಟಿಹೋದ ಹೆಣ್ಣಿನ ಮುಖವನ್ನು ಮಾತ್ರ ಹಲಗೆಯ ಕೆಳಗೆ ಇಳಿಸುತ್ತೇವೆ. ಇದು ಯಾವ ಭಕ್ತಿ? ಗುಟ್ಟು ತಿಳಿದರೆ ನಾಟಕ ಸಾಯುವುದೆಂಬುದೂ ಸುಳ್ಳು. ಗುಟ್ಟು ತಿಳಿದ ಮೇಲೆಯೇ ನನ್ನ ಮನೆಯಾಕೆ ಮತ್ತೊಮ್ಮೆ ಹೋದದ್ದು.

ಬರೆಯಲೇ, ಬೇಡವೇ ಎಂದು ನಾನು ಯಲ್ಲಮ್ಮನನ್ನೇ ಕೇಳಿದ್ದೇನೆ. ರಾಯರು ಕೆಲಸದಿಂದ ತೆಗೆದರೆ ಅನ್ನಕ್ಕೇ ಸಂಚಕಾರ. ಆಕೆ ಕತ್ತಿಯನ್ನು ಸೆರಗಿನಿಂದ ಒರೆಸಿ ಹೇಳಿದಳು: "ಬರೀರಿ, ಯಜಮಾನ್ರ. ಎಷ್ಟ್ ವರ್ಸ ಆತು ಮುಸುಕು ಹಾಕ್ಕೊಂಡು. ಯಾರಾರೆ ತೆಗೀಬೇಕಲ್ಲ. ರಾಯರು ತೆಗದ್ರ ತೆಗೀಲಿ, ಅವರಿಗೆ ಇನ್ನೊಂದು ಎಡಗೈ ಎಲ್ಲಿ ಸಿಗತೈತಿ?"

ಕಂಪನಿಯ ಮುಂದಿನ ಮೊಕ್ಕಾಂ ಸೊಲ್ಲಾಪುರ, ಆಮೇಲೆ ವಿಜಾಪುರ. ಅಲ್ಲಿಯ ಓದುಗರು ನಾಟಕಕ್ಕೆ ಹೋದರೆ ಕೈಯನ್ನು ನೋಡಿ. ದೀಪ ಹೊತ್ತಿದಾಗ ಕತ್ತಿ ಬಲಗೈಯಲ್ಲಿದ್ದರೆ ಚಪ್ಪಾಳೆ ತಟ್ಟಬೇಡಿ. ಎಡಗೈಯವಳು ಎಲ್ಲಿ ಎಂದು ಕೂಗಿ ಕೇಳಿ.

ಹೊರಗೆ ಬಿಸಿಲು ಬಿದ್ದಿದೆ. ಹೊರಡುವ ಮುನ್ನ ನಾನು, "ಆ ಮಾತನ್ನು ಒಮ್ಮೆ ನನ್ನ ಮುಂದೆ ಹೇಳವ್ವಾ, ಕೇಳಿ ಹೋಗುತ್ತೇನೆ," ಎನ್ನುತ್ತೇನೆ.

ಯಲ್ಲಮ್ಮ ಖಾಲಿ ಕುರ್ಚಿಗಳ ಸಾಲನ್ನು ಒಮ್ಮೆ ನೋಡುತ್ತಾಳೆ. ಬೇಡವೆಂದು ತಲೆಯಾಡಿಸುತ್ತಾಳೆ.

"ಈಗ ಬ್ಯಾಡ್ರಿ. ಕುರ್ಚಿ ತುಂಬಿದಾಗ ಹೇಳತೇನಿ."