ಗುಂಜಿ ಕಾಕಾ ತಲೆಗೆ ಕಟ್ಟಿಕೊಂಡದ್ದು

ಮೊನ್ನೆ ರವಿವಾರ ಬೆಳಗಾವಿ ಪೇಟೆಯಲ್ಲಿ ಬ್ಯಾಗಿನ ಪಟ್ಟಿ ಹೊಲಿಸಲೆಂದು ಒಂದು ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಹಳೆಯ ತೊಗಲಿನ ಪಟ್ಟಿಯೊಂದಕ್ಕೆ ಕರಿ ಬಣ್ಣ ಬಳಿದು ಬಿಸಿಲಿಗೆ ಇಳಿಬಿಟ್ಟಿದ್ದ. ತೊಗಲು, ಬಣ್ಣ, ಬಿಸಿಲು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತುಹೋಯಿತು. ನಮ್ಮ ಮನೆಯ ಮುಂದಿನ ಕಟ್ಟೆ ಕಣ್ಣೆದುರು ಬಂತು. ಅದರ ಮೇಲೆ ಬನಿಯನ್ನಿನಲ್ಲಿ ಕೂತ ಗುಂಜಿ ಕಾಕಾ... ತೊಡೆಯ ಮೇಲೆ ಹರಡಿದ ಹಳೆಯ ಪೇಪರು, ಕೈಯಲ್ಲಿ ಸಣ್ಣ ಕುಂಚ.

ಅವರು ನನಗೆ ರಕ್ತಸಂಬಂಧದ ಕಾಕಾ ಅಲ್ಲ, ನಮ್ಮ ಬಾಡಿಗೆದಾರರು. ಗುಂಜಿ ಸ್ಟೇಶನ್ನಿನಲ್ಲಿ ಬಹಳ ವರ್ಷ ರೈಲ್ವೆ ನೌಕರಿ ಮಾಡಿ ನಿವೃತ್ತರಾಗಿ ಬೆಳಗಾವಿಗೆ ಬಂದವರು. ಹಾಗಾಗಿ ಓಣಿಗೆಲ್ಲ ಗುಂಜಿ ಕಾಕಾ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಅಣ್ಣತಮ್ಮಂದಿರೆಲ್ಲ ಎಂದೋ ಇಸ್ರೇಲಿಗೆ ಹೋಗಿ ನೆಲೆಸಿದ್ದರು. ನೀವೇಕೆ ಹೋಗಲಿಲ್ಲ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: "ಅಲ್ಲಿ ಎಲ್ಲಾರೂ ನನ್ನಂಥವರ. ಅದರಾಗ ಏನು ಮಜಾ ಐತಿ?"

ಅಪ್ಪ ಹೋದ ಮೇಲೆ ಅವ್ವ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಷರತ್ತು ಒಂದೇ, ಲಿಂಗವಂತರಿಗೆ ಮಾತ್ರ. ಅದು ಅವಳ ಷರತ್ತೂ ಅಲ್ಲ, ದೊಡ್ಡಪ್ಪನದು. ದೊಡ್ಡಪ್ಪನಿಗೆ ಪೇಟೆಯಲ್ಲಿ ಬೆಲ್ಲದ ವ್ಯಾಪಾರ, ನಮ್ಮ ಮನೆಯಲ್ಲಿ ಅರ್ಧ ಪಾಲು. ಬೆಲ್ಲ ಮಾರುವವನ ಬಾಯಿ ಸಿಹಿಯಾಗಿರಬೇಕು ಎಂಬ ನಿಯಮವೇನೂ ಇಲ್ಲವಲ್ಲ. ತಮ್ಮನ ವಿಧವೆ ಯಾರಿಗೆ ಕೋಣೆ ಕೊಡಬೇಕು, ಯಾವ ಮದುವೆಗೆ ಹೋಗಬಾರದು, ಹೋದರೂ ಎಲ್ಲಿ ಕೂಡಬೇಕು ಎಂಬುದನ್ನೆಲ್ಲ ಅವನೇ ನಿರ್ಧರಿಸುತ್ತಿದ್ದ. ನಮ್ಮ ಧರ್ಮದಲ್ಲಿ ಗಂಡ ಸತ್ತವಳಿಗೆ ಕುಂದಿಲ್ಲ ಎಂದು ಭಾಷಣದಲ್ಲಿ ಹೇಳುತ್ತಾರೆ. ಮನೆಯೊಳಗೆ ಬಂದು ನೋಡಬೇಕು.

ಕಾಕಾ ಕೋಣೆ ಕೇಳಿಕೊಂಡು ಬಂದ ದಿನ ನಾನು ಮನೆಯಲ್ಲೇ ಇದ್ದೆ. ಅವರ ಅಡ್ಡಹೆಸರು 'ಕರ್' ಎಂದು ಮುಗಿಯುತ್ತಿತ್ತು, ಮಾತಿನಲ್ಲಿ ಮರಾಠಿ ಎಳೆ ಇತ್ತು. ಖಾನಾಪುರದ ಕಡೆಯ ಅರ್ಧ ಮಂದಿ ಹಾಗೆಯೇ ಇರುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ.

"ಯಾವ ಪೈಕಿರೀ ನೀವು?" ಅವ್ವ ಕೇಳಿದಳು.

"ಮೂಲ ಕೊಂಕಣದವರ್ರಿ. ನಮ್ಮಲ್ಲಿ ಮೂರ್ತಿ ಪೂಜಾ ಇಲ್ಲ. ಒಬ್ಬನ ದೇವರು."

ಅವ್ವನ ಮುಖ ಅರಳಿತು. "ಕಟ್ಟಿಕೊಂಡೀರೇನು?"

"ದಿನಾ ಮುಂಜಾನೆ ಕಟ್ಟಕೋತೀನ್ರಿ. ತಪ್ಪಸಂಗಿಲ್ಲ."

ಇಷ್ಟೇ ಸಾಕಾಯಿತು. ಅವ್ವ ಕೇಳಿದ್ದು ನಮ್ಮವರು ಕೊರಳಿಗೆ ಕಟ್ಟಿಕೊಳ್ಳುವ ಇಷ್ಟಲಿಂಗದ ಬಗ್ಗೆ. ಅವರು ಉತ್ತರ ಕೊಟ್ಟದ್ದು ತೆಫಿಲಿನ್ ಬಗ್ಗೆ. ಯೆಹೂದಿ ಗಂಡಸರು ಮುಂಜಾನೆಯ ಪ್ರಾರ್ಥನೆಗೆ ಕಟ್ಟಿಕೊಳ್ಳುವ ಎರಡು ಕರಿ ಪೆಟ್ಟಿಗೆಗಳವು, ಒಂದು ಎಡದೋಳಿಗೆ, ಒಂದು ತಲೆಗೆ. ಒಳಗೆ ಅವರ ಧರ್ಮಗ್ರಂಥದ ಸಾಲುಗಳನ್ನು ಕೈಯಲ್ಲಿ ಬರೆದು ಮಡಚಿ ಇಟ್ಟಿರುತ್ತಾರೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ಅವ್ವ ಒಳಗೆ ಬಂದು, "ನಮ್ಮವರ ಅದಾರ, ಕೊಂಕಣದ ಲಿಂಗವಂತರು" ಎಂದು ಬೀಗದ ಕೈ ಎತ್ತಿಕೊಂಡು ಹೋದಳು.

ಮರುದಿನ ಮುಂಜಾನೆ ಅವರು ಕಟ್ಟೆಯ ಮೇಲೆ ನಿಂತರು. ಓಣಿಯವರೆಲ್ಲ ಹುಟ್ಟುವ ಸೂರ್ಯನಿಗೆ ಕೈ ಮುಗಿಯುವ ಹೊತ್ತಿನಲ್ಲಿ ಇವರು ಸೂರ್ಯನಿಗೆ ಬೆನ್ನು ಮಾಡಿ ಪಶ್ಚಿಮಕ್ಕೆ ಮುಖ ಮಾಡಿದ್ದರು. ಜೆರುಸಲೇಮ್ ಇರುವುದು ಆ ದಿಕ್ಕಿಗೆ. ಮೊದಲು ಎಡದೋಳಿನ ಪೆಟ್ಟಿಗೆ, ಎದೆಯ ಕಡೆಗೆ ಸ್ವಲ್ಪ ವಾಲಿಸಿ. ಪಟ್ಟಿಯನ್ನು ಮುಂಗೈವರೆಗೆ ಸುತ್ತುತ್ತಾ ಬರುವುದು. ಆಮೇಲೆ ತಲೆಯದು. ಅದು ಹಣೆಯ ಮೇಲೆ ಬರಕೂಡದು, ಕೂದಲು ಹುಟ್ಟುವ ಜಾಗದಲ್ಲಿ ಕೂಡಬೇಕು. ಕಾಕಾನ ತಲೆ ಪೂರ್ತಿ ಬೋಳು, ಕೂದಲು ಹುಟ್ಟುತ್ತಿದ್ದ ಜಾಗವನ್ನು ಅವರು ನೆನಪಿನಿಂದಲೇ ಹುಡುಕುತ್ತಿದ್ದರು. ಕೊನೆಗೆ ಉಳಿದ ಪಟ್ಟಿ ನಡುಬೆರಳಿಗೆ. ಕೈಯದು ಕಟ್ಟಿ ತಲೆಯದು ಕಟ್ಟುವ ತನಕ ನಡುವೆ ಒಂದು ಮಾತೂ ಆಡುವಂತಿಲ್ಲ. ಹಾಲಿನವನು ಕೂಗಿದರೂ ಇಲ್ಲ.

ಶನಿವಾರ ಮಾತ್ರ ಕಟ್ಟುತ್ತಿರಲಿಲ್ಲ. ಆ ದಿನವೇ ದೇವರ ಗುರುತಂತೆ, ಅದರ ಮೇಲೆ ಮತ್ತೊಂದು ಗುರುತು ಬೇಡವಂತೆ. ಅವ್ವ ಅದನ್ನೂ ತನ್ನ ಲೆಕ್ಕಕ್ಕೆ ಹೊಂದಿಸಿಕೊಂಡಿದ್ದಳು. "ಹಣಮಪ್ಪನ ವಾರ. ಉಪವಾಸ ಇರಬೇಕು, ಶಕ್ತಿ ಸಾಲಂಗಿಲ್ಲ." ತಲೆಗೇಕೆ ಕಟ್ಟುತ್ತಾರೆ ಎಂದು ನಾನು ಕೇಳಿದರೆ, "ಒಂದೊಂದು ಕಡೆ ಒಂದೊಂದು ಪದ್ಧತಿ. ನೀ ಬಾಯಿ ಮುಚ್ಚು" ಎನ್ನುತ್ತಿದ್ದಳು. ಒಳ್ಳೆಯ ಬಾಡಿಗೆದಾರನನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವರು ಸಂಜೆ ಕಟ್ಟೆಯ ಮೇಲೆ ಕೂತು ಅವಳೊಡನೆ ಮಾತಾಡುತ್ತಿದ್ದರು. ಅಪ್ಪ ಹೋದ ಮೇಲೆ ಅವ್ವನನ್ನು 'ಊಟಾ ಆತೇನ್ರೀ' ಎಂದು ಕೇಳಿದವರು ಅವರೊಬ್ಬರೇ...

ಎಲ್ಲ ಬಯಲಾದದ್ದು ಆ ಕರಿ ಬಣ್ಣದಿಂದ. ಪಟ್ಟಿಯ ಹೊರಮೈ ಕಪ್ಪಾಗಿಯೇ ಇರಬೇಕು ಎಂಬುದು ನಿಯಮ. ಸವೆದು ಬಿಳಿಚಿಕೊಂಡರೆ ಮತ್ತೆ ಕಪ್ಪು ಬಳಿಯಬೇಕು. ಕಾಕಾ ಕಟ್ಟೆಯ ಮೇಲೆ ಕೂತು ಬಳಿಯುತ್ತಿದ್ದಾಗ ದೊಡ್ಡಪ್ಪ ಬಂದ. ಮೂಗು ಅರಳಿಸಿದ.

"ತೊಗಲೇನಿದು?"

"ಹೌದ್ರೀ, ತೊಗಲು. ಪಟ್ಟೀನೂ ತೊಗಲು, ಪೆಟಗೀನೂ ತೊಗಲು," ಎಂದರು ಕಾಕಾ ಕುಂಚ ನಿಲ್ಲಿಸದೆ. ಯಾರು ನೀನು ಎಂದು ದೊಡ್ಡಪ್ಪ ಗದರಿದ ಮೇಲೆ, ತಾನು ಯೆಹೂದಿ ಎಂದೂ ಅಷ್ಟೇ ತಣ್ಣಗೆ ಹೇಳಿದರು.

ಅವ್ವ ಹೊರಗೆ ಓಡಿ ಬಂದಳು. ಮೊದಲು ಸಿಟ್ಟಾದದ್ದು ಅವಳೇ, ಅದನ್ನು ಮುಚ್ಚಿಡುವುದಿಲ್ಲ. "ನನಗ ಸುಳ್ಳು ಹೇಳಿದ್ರೇನು?"

"ಕಟ್ಟಿಕೊಂಡೀರೇನು ಅಂದ್ರಿ, ಕಟ್ಟಕೋತೀನಿ ಅಂದ್ನಿ. ಏನು ಕಟ್ಟಕೋತೀರಿ ಅಂತ ಕೇಳಲಿಲ್ಲಲ್ರೀ."

ಅವ್ವನ ಬಾಯಿ ಕಟ್ಟಿತು. ದೊಡ್ಡಪ್ಪನ ಬಾಯಿ ಕಟ್ಟಲಿಲ್ಲ. ಲಿಂಗವಂತರ ಮನೆಯಲ್ಲಿ ಸತ್ತ ದನದ ತೊಗಲು ತಲೆಯ ಮೇಲಿಟ್ಟುಕೊಂಡು ದೇವರನ್ನು ಕರೆಯುವುದೇ ಎಂದು ಓಣಿ ಕೂಡುವ ಹಾಗೆ ಕೂಗಾಡಿದ. ಕೋಣೆ ಖಾಲಿ ಮಾಡು ಎಂದ. ಓಣಿಯ ಹಿರಿಯರೊಬ್ಬರು ನಡುವೆ ಬಂದು ಸಮಾಧಾನ ಮಾಡಿದ ಮೇಲೆ ಒಂದು ಹೆಜ್ಜೆ ಇಳಿದ. "ಆತು, ಇರಲಿ. ಆದರ ಕಟ್ಟೀ ಮ್ಯಾಲೆ ಬ್ಯಾಡ. ಒಳಗ ಬಾಗಲಾ ಹಾಕ್ಕೊಂಡು ಏನರೆ ಮಾಡಕೊಳ್ಳಲಿ. ಯಾರ ಕಣ್ಣಿಗೂ ಬೀಳಬಾರದು."

ಎಲ್ಲರಿಗೂ ಅದು ನ್ಯಾಯವೆನಿಸಿತು. ನನಗೂ ಅನಿಸಿತು. ಇಷ್ಟಕ್ಕೆ ಮುಗಿದರೆ ಸಾಕು, ಮುದುಕರು ಹೂಂ ಎಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆ ವಯಸ್ಸಿನಲ್ಲಿ ಯೆಹೂದಿ ಎಂದು ಹೇಳಿಕೊಂಡು ಬೇರೆ ಯಾರ ಮನೆಯ ಬಾಗಿಲು ತಟ್ಟುತ್ತಾರೆ?

ಕಾಕಾ ಕುಂಚವನ್ನು ಪೇಪರಿನ ಮೇಲೆ ಇಟ್ಟು ಎದ್ದು ನಿಂತರು.

"ಕೈಯಿಂದು ಮುಚ್ಚತೇನ್ರಿ. ಅದು ನನ್ನ ಸಲುವಾಗಿ, ಅಂಗಿ ತೋಳು ಇಳಿಬಿಟ್ರ ಆತು. ನಮ್ಮ ನಿಯಮದಾಗೂ ಹಂಗ ಐತಿ. ತಲಿಯಿಂದು ಮುಚ್ಚಂಗಿಲ್ಲ. ಅದು ಮಂದಿ ನೋಡೂ ಸಲುವಾಗಿನ ಇರೂದು. ಬಾಗಲಾ ಹಾಕ್ಕೊಂಡು ಇರಾಕ ನಾ ಏನು ಹಿಂಡಲಗಾ ಜೇಲಿನಾಗ ಅದೀನೇನ್ರಿ? ಕೋಣಿ ಬಿಡು ಅಂದ್ರ ನಾಳೆ ಬಿಡತೇನಿ. ಇದನ್ನ ಒಳಗ ಒಯ್ಯಂಗಿಲ್ಲ."

ಅವರು ಕೂಗಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ಕಾಕಾನನ್ನು ನೋಡುತ್ತಿರಲಿಲ್ಲ, ದೊಡ್ಡಪ್ಪನನ್ನು ನೋಡುತ್ತಿದ್ದಳು. 'ಒಳಗ' ಎಂಬ ಮಾತು ಅವಳಿಗೆ ತಾಗಿತ್ತು. ಅಪ್ಪ ಸತ್ತಂದಿನಿಂದ ಅವಳು ಅದನ್ನೇ ಕೇಳುತ್ತ ಬಂದಿದ್ದಳಲ್ಲ. ಆರತಿಯ ಹೊತ್ತಿಗೆ ಒಳಗಿರು. ಬೀಗರು ಬಂದಾಗ ಒಳಗಿರು. ನೀನು ಬೇಡವೆಂದಲ್ಲವ್ವಾ, ಒಳಗಿರು ಅಷ್ಟೇ.

"ಭಾವಾರ," ಅಂದಳು ಅವ್ವ. "ಶ್ರಾವಣದಾಗ ಮಠದಾಗ ಕುಂತು ತಮ್ಮ ತೊಡಿ ತೊಗಲಿನಾಗ ಮೆಟ್ಟು ಹೊಲದ ಶರಣರ ಕಥಿ ಕೇಳಿ ಅಳತೀರಲ್ಲ, ಅವರು ಹತ್ತೀ ಅರಿವ್ಯಾಗ ಹೊಲದಿದ್ರೇನು? ಭಜನ್ಯಾಗ ನೀವು ಬಾರಸೂ ಡೋಲಕಿ ತಗಡಿಂದೇನು? ತೊಗಲಾತಂತ ತೊಗಲು! ಅವರು ಎಲ್ಲೂ ಹೋಗಂಗಿಲ್ಲ. ಒಳಗೂ ಹೋಗಂಗಿಲ್ಲ."

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಟೋಪಿ ಸರಿಪಡಿಸಿಕೊಂಡು ಹೊರಟುಹೋದ. ಹೋಗುತ್ತಾ, ಇನ್ನು ನಿನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದ. ಮಾತಿನಂತೆ ನಡೆದುಕೊಂಡ. ನನ್ನ ಮದುವೆಗೂ ಬರಲಿಲ್ಲ. ಅಪ್ಪನ ಜಾಗದಲ್ಲಿ ನಿಲ್ಲಬೇಕಾದವನು ಬರಲಿಲ್ಲವೆಂದು ಬೀಗರು ಗುಸುಗುಸು ಮಾಡಿದರು. ಅವ್ವ ಆ ದಿನ ಒಳಗೆ ಕೂಡಲಿಲ್ಲ. ಎಲ್ಲರ ಮುಂದೆ ಬಂದು ತಾನೇ ಅಕ್ಷತೆ ಹಾಕಿದಳು. ನಾನು ಅಳುತ್ತಿದ್ದೆ, ಆದರೆ ಅದು ದೊಡ್ಡಪ್ಪನಿಗಾಗಿ ಅಲ್ಲ.

ಮದುವೆಯಾಗಿ ನಾನು ಖಾನಾಪುರಕ್ಕೆ ಹೋದೆ, ಅಲ್ಲಿಯೇ ಸಾಲೆಯ ನೌಕರಿ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಎಡದೋಳಿಗೆ ಕಟ್ಟಬೇಕಾದದ್ದೇ ಬಲಗೈ. ಮೊದಲ ದಿನ ಹಲ್ಲಿನಿಂದ ಪಟ್ಟಿ ಎಳೆಯಲು ನೋಡಿದರಂತೆ. ಅವ್ವ ನೋಡಲಾರದೆ ತಾನೇ ಮುಂದಾದಳಂತೆ. ಹೆಂಗಸು, ಅದರಲ್ಲೂ ಬೇರೆ ಧರ್ಮದವಳು ಕಟ್ಟಿದರೆ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ತೊದಲುತ್ತಲೇ ಹೇಳಿದರಂತೆ: "ಖರೇ ಹೇಳಬೇಕಂದ್ರ ಗೊತ್ತಿಲ್ಲ. ಕೇಳಾಕ ಇಲ್ಲಿ ಯಾರದಾರ? ನೀವು ಕಟ್ರಿ. ಮ್ಯಾಲೆ ಜವಾಬು ನಾ ಕೊಡತೇನಿ."

ಅಂದಿನಿಂದ ದಿನಾ ಅವ್ವನೇ ಕಟ್ಟಿದಳು. ಕೋಣೆಯಲ್ಲಲ್ಲ, ಕುರ್ಚಿ ಹೊರಗಿಟ್ಟು, ಅದೇ ಕಟ್ಟೆಯ ಮೇಲೆ.

ನಾನು ರಜೆಗೆ ಬಂದಿದ್ದ ಒಂದು ಮುಂಜಾನೆ ದೊಡ್ಡಪ್ಪ ಬಂದ. ಮೊಮ್ಮಗಳ ಮದುವೆ ಗೊತ್ತಾಗಿತ್ತು, ತಮ್ಮನ ಮನೆಗೆ ಅಕ್ಷತೆ ಕೊಡದೆ ಊರಿಗೆ ಹಂಚುವಂತಿರಲಿಲ್ಲ. ಅವ್ವ ಆಗಷ್ಟೇ ಕಾಕಾನ ತೋಳಿಗೆ ಕಟ್ಟಿ ಮುಗಿಸಿ ತಲೆಯದನ್ನು ಕೈಗೆ ತೆಗೆದುಕೊಂಡಿದ್ದಳು. ದೊಡ್ಡಪ್ಪ ಮೆಟ್ಟಿಲ ಕೆಳಗೆ ನಿಂತು, ಇಷ್ಟು ವರ್ಷದ ಮೇಲೆ, ಗಂಟಲು ಸರಿಮಾಡಿಕೊಂಡು ಕೇಳಿದ: "ಹೆಂಗದೀರಿ? ಆರಾಮ ಅದೀರೇನು?"

ಕಾಕಾ ಉತ್ತರ ಕೊಡಲಿಲ್ಲ. ಅವನನ್ನು ನೋಡಿದರು, ಅಷ್ಟೇ.

ದೊಡ್ಡಪ್ಪ ಇನ್ನೊಮ್ಮೆ ಕೇಳಿದ. ಉತ್ತರವಿಲ್ಲ. ಅವನ ಮುಖ ಕೆಂಪಾಯಿತು. "ಕೈ ಬಿದ್ರೂ ಸೊಕ್ಕು ಬಿದ್ದಿಲ್ಲ ನೋಡು!"

"ಸುಮ್ಮ ನಿಂದರ್ರಿ ಭಾವಾರ," ಅಂದಳು ಅವ್ವ, ತಿರುಗಿಯೂ ನೋಡದೆ. "ಕೈಯಿಂದು ಆಗೇತಿ, ತಲಿಯಿಂದು ಇನ್ನೂ ಆಗಿಲ್ಲ. ನಡುವ ಮಾತಾಡಂಗಿಲ್ಲ."

ದೊಡ್ಡಪ್ಪ ನಿಂತ. ಕೈಯಲ್ಲಿ ಅಕ್ಷತೆಯ ತಟ್ಟೆ ಹಿಡಿದು, ಇಡೀ ಓಣಿಯ ಕಣ್ಣೆದುರು, ಬೀದಿಯಲ್ಲಿ ನಿಂತ. ಅವ್ವ ಒಂದಿಷ್ಟೂ ಅವಸರ ಮಾಡಲಿಲ್ಲ. ಪೆಟ್ಟಿಗೆಯನ್ನು ಬೋಳುತಲೆಯ ಮೇಲೆ ಇಟ್ಟು, ಹಿಂದೆ ಸರಿದು ನೋಡಿ, ಮತ್ತೆ ಕೂದಲೆಳೆಯಷ್ಟು ಸರಿಸಿದಳು. ಹಿಂದಿನ ಗಂಟು ಹೆಡಕಿನ ಮೇಲೆ ಕೂತಿದೆಯೋ ಇಲ್ಲವೋ ನೋಡಿದಳು. ಎರಡು ಪಟ್ಟಿಗಳನ್ನು ಎದೆಯ ಮೇಲೆ ಇಳಿಬಿಟ್ಟು, ಕಪ್ಪು ಮೈ ಹೊರಗೆ ಬರುವಂತೆ ತಿರುವಿದಳು. ಆಮೇಲೆ ನಡುಬೆರಳಿಗೆ ಸುತ್ತಿದಳು. ಕಾಕಾ ಕಣ್ಣು ಮುಚ್ಚಿ ತುಟಿಯೊಳಗೆ ಏನೋ ಹೇಳಿ ಮುಗಿಸಿದರು. ಕಣ್ಣು ತೆರೆದು ದೊಡ್ಡಪ್ಪನನ್ನು ನೋಡಿ, ಸೊಟ್ಟಗಾದ ಬಾಯಿಯಿಂದಲೇ, ಮನೆಯ ಯಜಮಾನರ ಹಾಗೆ ಹೇಳಿದರು:

"ಬರ್ರಿ... ಕುಂದರ್ರಿ."

ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದು ಕಟ್ಟೆಯ ತುದಿಗೆ ಕೂತ. ಅಕ್ಷತೆ ಕೊಟ್ಟ, ಚಹಾ ಮಾತ್ರ ಮುಟ್ಟಲಿಲ್ಲ. ನನಗೆ ಅದೇ ಸಾಕಾಗಿತ್ತು. ಒಳಗೆ ಹೋಗಿ ಹೊಟ್ಟೆ ತುಂಬ ನಕ್ಕೆ, ಅವನಿಗೆ ಕೇಳಲಿ ಎಂದೇ ನಕ್ಕೆ.

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಕಾಕಾ ಹೋದರು. ಸುದ್ದಿ ತಿಳಿದು ಕೊಂಕಣದ ಕಡೆಯ ದೂರದ ಸಂಬಂಧಿಕರು ಅವಸರದಲ್ಲಿ ಬಂದು, ತಮ್ಮವರ ಮಣ್ಣಿಗೆ ಸೇರಿಸಲು ಅವರನ್ನು ಒಯ್ದರು. ತೆಫಿಲಿನ್ನಿನ ಚೀಲವನ್ನೂ ಒಯ್ದರು, ಅದು ಅವರದೇ. ಅವ್ವ ಕಾರಿನ ಹಿಂದೆ ಓಣಿಯ ತುದಿಯವರೆಗೆ ನಡೆದುಹೋದಳು. ಈಗ ಅವ್ವನೂ ಇಲ್ಲ. ಕಾಕಾ ಇದ್ದ ಕೋಣೆಯಲ್ಲಿ ಹಳೆಯ ಸಾಮಾನು ತುಂಬಿದೆ. ರಜೆಗೆ ಬಂದಾಗ ಬಾಗಿಲು ತೆಗೆಯುತ್ತೇನೆ, ಧೂಳು ಹೊಡೆದು ಮತ್ತೆ ಮುಚ್ಚುತ್ತೇನೆ. ಆ ಇಬ್ಬರಂಥವರು ಮತ್ತೆ ನನಗೆ ಸಿಗುವುದಿಲ್ಲ...

ಮೊನ್ನೆ ಪೇಟೆಯಿಂದ ಪಟ್ಟಿ ಹೊಲಿಸದೆಯೇ ಬಂದುಬಿಟ್ಟೆ. ಬೀಗ ತೆಗೆಯಲು ಮನಸ್ಸಾಗದೆ ಕಟ್ಟೆಯ ಮೇಲೆ ಕೂತೆ. ಅಳು ತಾನೇ ತಾನಾಗಿ ಬಂತು. ನನ್ನ ವಯಸ್ಸಿಗೆ ಒಪ್ಪದಷ್ಟು ಜೋರಾಗಿ ಬಂತು. ಎದುರು ಮನೆಯಾಕೆ ಗಾಬರಿಯಾಗಿ ಬಂದು, ಭುಜ ಹಿಡಿದು ಎಬ್ಬಿಸಲು ನೋಡಿದಳು.

"ಒಳಗ ಹೋಗ್ರೀ ಟೀಚರ್. ಹಾದ್ಯಾಗ ಕುಂತು ಅಳತಾರೇನು? ಮಂದಿ ನೋಡತಾರ."

"ನೋಡಲಿ," ಅಂದೆ.