ಶಿವನಂಜಮ್ಮ ಒತ್ತದ ಅಂಕಿ

ಮೂಗೂರಿನ ಶಿವನಂಜಮ್ಮನಿಗೆ ಅರವತ್ತು ತುಂಬಿದ್ದೇ ತಡ, ಶಾಲೆಯ ಬಿಸಿಯೂಟದ ಅಡುಗೆ ಕೆಲಸದಿಂದ ಹಾರ ಹಾಕಿ ಕಳಿಸಿಕೊಟ್ಟರು. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಎಷ್ಟು ಮಕ್ಕಳು ಬಂದಿದ್ದಾರೆಂದು ಕೇಳಿ, ಅಕ್ಕಿ ಇಷ್ಟು, ಬೇಳೆ ಇಷ್ಟು ಎಂದು ಬಾಯಲ್ಲೇ ಹೇಳುತ್ತಿದ್ದವರು. ಮೇಷ್ಟ್ರು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಇವರ ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅಂಥವರು ಮನೆಯಲ್ಲಿ ಸುಮ್ಮನೆ ಕೂತರೆ ತಲೆ ಕೇಳಬೇಕಲ್ಲ. ಕುಕ್ಕರಿನ ಸೀಟಿ ಎಣಿಸಿದರು, ಬಟ್ಟೆ ಒಣಹಾಕಿದ ತಂತಿಯ ಕ್ಲಿಪ್ಪು ಎಣಿಸಿದರು. ಸೊಸೆ ಹೇಮಲತಾ ಕಾಫಿಗೆ ಹಾಕುವ ಸಕ್ಕರೆಯ ಚಮಚ ಎಣಿಸತೊಡಗಿದ ದಿನ ಅವಳು ಎಚ್ಚೆತ್ತು, ಅತ್ತೆಯ ಮೊಬೈಲಿಗೆ ನಾಲ್ಕು ಲೆಕ್ಕದ ಆಟ ಹಾಕಿಕೊಟ್ಟು, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದಳು.

ಶಿವನಂಜಮ್ಮ ಹೆಣ್ಣು ನೋಡಲು ಹೋದವರ ಹಾಗೆ ಒಂದೊಂದರಲ್ಲೂ ಕೊಂಕು ತೆಗೆದರು. ಮೊದಲನೆಯದರಲ್ಲಿ ಗಡಿಯಾರ ಓಡುತ್ತದೆ. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರ ಹಾಗೆ ತಲೆಯ ಮೇಲೆ ನಿಲ್ಲುತ್ತದೆ ಎಂದು ತೆಗೆಸಿಹಾಕಿದರು. ಎರಡನೆಯದು ಎರಡು ಲೆಕ್ಕ ಕೊಟ್ಟು ಮೂರು ಜಾಹೀರಾತು ತೋರಿಸಿತು. ಮೂರನೆಯದಕ್ಕೆ ಕೊನೆಯೇ ಇಲ್ಲ, ಮುಗಿಸಿದಷ್ಟೂ ಬಡಿಸುತ್ತಲೇ ಇರುತ್ತದೆ. ನಾಲ್ಕನೆಯದು ಒಪ್ಪಿಗೆಯಾಯಿತು. ದಿನಕ್ಕೆ ಒಂದೇ ಲೆಕ್ಕ, ಆಡುವವರಿಗೆಲ್ಲ ಅದೇ. ಐದು ಮನೆ, ಐದು ಅಂಕಿ. ಕೂಡಿದರೆ ಎಷ್ಟಾಗಬೇಕೆಂದು ಮೇಲೆ ಬರೆದಿರುತ್ತದೆ. ಆರು ಸಲ ಊಹಿಸಬಹುದು. ಸರಿಯಾದ ಅಂಕಿ ಸರಿಯಾದ ಮನೆಗೆ ಬಿದ್ದರೆ ಹಸಿರು, ಇಲ್ಲದಿದ್ದರೆ ಕಪ್ಪು.

ಹಿತಮಿತವಾಗಿದೆ ಎಂಬುದು ಅವರು ಸೊಸೆಗೆ ಕೊಟ್ಟ ಕಾರಣ. ನಿಜವಾದ ಕಾರಣವೇ ಬೇರೆ. ನಂಜನಗೂಡಿನಲ್ಲಿರುವ ತಂಗಿ ನಾಗರತ್ನಳೂ ಅದನ್ನೇ ಆಡಿ, ಬಣ್ಣದ ಚೌಕಗಳನ್ನು ದಿನಾ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಅಕ್ಕತಂಗಿಯರ ಮಾತು ನಿಂತು ಎರಡು ವರ್ಷವಾಗಿತ್ತು. ಅಪ್ಪ ಗುರುಮಲ್ಲಪ್ಪ ತೀರಿಕೊಂಡ ಮೇಲೆ, ಅವರು ಭತ್ತ ಅಳೆಯುತ್ತಿದ್ದ ಹಿತ್ತಾಳೆ ಕಟ್ಟಿನ ಸೇರನ್ನು ನಾಗರತ್ನ ಯಾರನ್ನೂ ಕೇಳದೆ ಎತ್ತಿಕೊಂಡು ಹೋಗಿದ್ದಳು. ಅವಳೇ ಮೊದಲು ಮಾತಾಡಲಿ ಎಂದು ಇವರು, ಇವರೇ ಮೊದಲು ಆಡಲಿ ಎಂದು ಅವಳು. ತಂಗಿಯ ದನಿ ಕೇಳದೆ ಶಿವನಂಜಮ್ಮನಿಗೆ ಒಳಗೊಳಗೇ ಸಂಕಟ, ಆದರೆ ಬಿಗುಮಾನ ಬಿಡಬೇಕಲ್ಲ. ಈಗ ಚೌಕಗಳಾದರೂ ಓಡಾಡತೊಡಗಿದವು. ತಂಗಿ ಮೂರರಲ್ಲಿ ಮುಗಿಸಿದರೆ ಇವರಿಗೆ ತಿಂಡಿ ಸೇರದು. ಇವರು ಮೂರರಲ್ಲಿ ಮುಗಿಸಿದ ದಿನ ಸೊಸೆಗೆ ಒಂದು ಚಮಚ ಸಕ್ಕರೆ ಮಾಫಿ.

ಒಂದು ಸೋಮವಾರ ಮೇಲೆ ಇಪ್ಪತ್ತಮೂರು ಎಂದು ಬರೆದಿತ್ತು. ಮೂರನೆಯ ಸಾಲಿಗೇ ನಾಲ್ಕು ಮನೆ ಹಸಿರಾದವು: ನಾಲ್ಕು, ಎರಡು, ಒಂಬತ್ತು, ಒಂದು. ಕೂಡಿದರೆ ಹದಿನಾರು. ಉಳಿದ ಮನೆಗೆ ಏಳು ಎಂದು ಒಂದನೇ ಕ್ಲಾಸಿನ ಮಗುವೂ ಹೇಳೀತು. ಶಿವನಂಜಮ್ಮನ ಬೆರಳು ಮಾತ್ರ ಅಲ್ಲಿಗೆ ಹೋಗಲಿಲ್ಲ.

ಗುರುಮಲ್ಲಪ್ಪ ಕಣದಲ್ಲಿ ಅಳೆಯುವಾಗ ಆರಾದ ಮೇಲೆ ‘ಮತ್ತೊಂದು’ ಎನ್ನುತ್ತಿದ್ದರು, ಆಮೇಲೆ ಎಂಟು. ಏಳರ ಹೆಸರೆತ್ತಿದರೆ ರಾಶಿಗೆ ಕೇಡೆಂದು ಅವರ ನಂಬಿಕೆ. ಪಕ್ಕದಲ್ಲಿ ಕೂತ ಹೆಣ್ಣುಮಕ್ಕಳು ಬಾಯಿತಪ್ಪಿ ಏಳು ಎಂದರೆ ಅಳೆದದ್ದನ್ನೆಲ್ಲ ಸುರಿದು ಮೊದಲಿಂದ ಅಳೆಯುತ್ತಿದ್ದರು. ಶಾಲೆಯ ಅಕ್ಕಿಯನ್ನೂ ಶಿವನಂಜಮ್ಮ ಹಾಗೆಯೇ ಅಳೆದಿದ್ದರು. ಮೊಬೈಲಿನಲ್ಲಿ ರಾಶಿಯೆಲ್ಲಿದೆ ಎಂದು ಬೆರಳಿಗೆ ತಿಳಿಸಿ ಹೇಳುವವರು ಯಾರು? ಆರು ಒತ್ತಿದರು, ಎಂಟು ಒತ್ತಿದರು, ಇರಲಿ ಎಂದು ಸೊನ್ನೆಯನ್ನೂ ಒತ್ತಿ ಸೋತರು.

ಹಿಂದೆಯೂ ಎರಡು ಸಲ ಹೀಗೇ ಸೋತು, ನೆಟ್‌ವರ್ಕ್ ಇರಲಿಲ್ಲವೆಂದು ಗುಂಪಿಗೆ ಹಾಕದೆ ಜಾರಿಕೊಂಡಿದ್ದರು. ಇವತ್ತು ಆಟ ಮುಚ್ಚುವ ಗಡಿಬಿಡಿಯಲ್ಲಿ ಎಲ್ಲೋ ಬೆರಳು ತಾಗಿ ಸೋಲು ಗುಂಪಿಗೆ ಹೋಗಿಯೇಬಿಟ್ಟಿತು. ಅಲ್ಲಿ ಚಳ್ಳೆಪಿಳ್ಳೆಗಳೆಲ್ಲ ಗೆದ್ದು ಕೂತಿದ್ದವು. ತಂಗಿಯ ಮುಂದೆ ಮಾನ ಹೋಯಿತೆಂದು ಶಿವನಂಜಮ್ಮ ಮುಖ ಸಣ್ಣದು ಮಾಡಿಕೊಂಡರು.

ಐದು ನಿಮಿಷಕ್ಕೆ ನಾಗರತ್ನಳ ಚೌಕಗಳು ಬಂದವು. ನಾಲ್ಕು ಮನೆ ಹಸಿರು. ಐದನೆಯದು ಮೇಲಿನಿಂದ ಕೆಳಗಿನವರೆಗೂ ಕಪ್ಪು. ತಾವು ಜಾರಿಕೊಂಡಿದ್ದ ಆ ಎರಡು ದಿನವೂ ತಂಗಿಯದು ಬಂದಿರಲಿಲ್ಲವೆಂದು ಆಗ ನೆನಪಾಯಿತು. ಇವತ್ತೂ ಅಡಗಿಸಿಡಬಹುದಿತ್ತು. ಅಕ್ಕ ಒಬ್ಬಳೇ ಸೋತಳೆಂದು ಆಗಬಾರದೆಂದೇ ಅವಳು ಕಳಿಸಿದ್ದಳು. ಶಿವನಂಜಮ್ಮನಿಗೆ ನಗು ಬಂತು, ಕಣ್ಣೂ ತುಂಬಿತು. ಬಿಗುಮಾನ ಮರೆತು ಫೋನ್ ಮಾಡಿದರು.

“ಕೊನೆ ಮನೇಲಿ ಏನದೆ ಅಂತ ಗೊತ್ತಾಗ್ನಿಲ್ವೇನೆ, ನಾಗಿ?”

“ಗೊತ್ತಿತ್ತು ಕಣಕ್ಕ. ಅಪ್ಪ ಪಕ್ದಲ್ಲೇ ಕೂತಂಗಾಯ್ತು, ಬೆರ್ಳು ಓಗ್ನಿಲ್ಲ.”

ಆಮೇಲೆ ನಾಗರತ್ನ, ಭಾನುವಾರ ಸೇರು ತಂದುಕೊಡುತ್ತೇನೆ, ನಿನ್ನ ಹತ್ತಿರವೇ ಇರಲಿ ಎಂದಳು. ಸೇರು ಎಲ್ಲಿದ್ದರೇನು, ನೀನು ಬಾ ಸಾಕು ಎಂದರು ಶಿವನಂಜಮ್ಮ.

ಭಾನುವಾರ ಅವಳೂ ಬಂದಳು, ಸೇರೂ ಬಂತು. ಊಟವಾದ ಮೇಲೆ ಅಕ್ಕತಂಗಿ ಮೂಟೆಯ ಅಕ್ಕಿಯನ್ನು ಡ್ರಮ್ಮಿಗೆ ಅಳೆಯಲು ಕೂತರು. ಆರಾದ ಮೇಲೆ ಇಬ್ಬರೂ ಕೈ ತಡೆದರು. ತಂಗಿಯೇ ಮೊದಲು ಹೇಳಲಿ ಎಂದು ಅಕ್ಕ, ಅಕ್ಕನೇ ಹೇಳಲಿ ಎಂದು ತಂಗಿ. ಕೊನೆಗೆ ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

“ಮತ್ತೊಂದು.”